ಹಸಿರು ಕಂಡರೆ ಸಾಲದು, ಸಸಿ ಕಾಣಬೇಕು

ಸಿಇಟಿ ಫಲಿತಾಂಶ ಬಂದು ಸೀಟು ಹಂಚಿಕೆ ಶುರುವಾದಾಗ ನಮ್ಮ ಮನೆಗಳಲ್ಲಿ ನಡೆಯುವ ಲೆಕ್ಕಾಚಾರದಲ್ಲಿ ಬಿಎಸ್ಸಿ ಅರಣ್ಯಶಾಸ್ತ್ರದ ಹೆಸರು ಬರುವುದು ಕೊನೆಕೊನೆಗೆ. ಎಂಜಿನಿಯರಿಂಗ್ ಆಗಲಿಲ್ಲ, ಪಶುವೈದ್ಯಕೀಯ ಸಿಗಲಿಲ್ಲ, ಬಿಎಸ್ಸಿ ಕೃಷಿಯೂ ಕೈತಪ್ಪಿತು ಎಂದಾದ ಮೇಲೆ 'ಇದೂ ಒಂದು ಇದೆಯಲ್ಲ' ಎಂದು ಯಾರೋ ನೆನಪಿಸುತ್ತಾರೆ. ಹಿಂದೆಯೇ ಮನೆಯ ಹಿರಿಯರ ಪ್ರಶ್ನೆ: ಕಾಡಿನ ಬಗ್ಗೆ ನಾಲ್ಕು ವರ್ಷ ಓದುವುದಕ್ಕೆ ಏನಿದೆ? ನೆಟ್ಟರೆ ಬೆಳೆಯುತ್ತದೆ, ಕಡಿಯದಿದ್ದರೆ ಉಳಿಯುತ್ತದೆ.

ಈ ಪ್ರಶ್ನೆಗೆ ಉದ್ಯೋಗದ ಅಂಕಿಅಂಶಗಳಿಂದ ಉತ್ತರ ಕೊಡುವವರು ಇದ್ದಾರೆ. ನಾನು ಆ ಓದಿನ ಒಂದು ಭಾಗವನ್ನಷ್ಟೇ ಇಲ್ಲಿ ಬಿಡಿಸಿಡುತ್ತೇನೆ. ಅರಣ್ಯ ಪರಿಸರ ವಿಜ್ಞಾನ ಮತ್ತು ಅರಣ್ಯದ ಆರೋಗ್ಯ ಎಂಬ ಆ ಭಾಗವನ್ನು ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಳಗಿರುವ ಅರಣ್ಯ ಕಾಲೇಜಿನಲ್ಲೂ, ಕೊಡಗಿನ ಪೊನ್ನಂಪೇಟೆಯಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲೂ ಕಲಿಸುತ್ತಾರೆ. ಪಶ್ಚಿಮ ಘಟ್ಟದ ಮಡಿಲಲ್ಲಿ ಕೂತು ಕಲಿಯುವ ಈ ವಿದ್ಯೆ ನಮ್ಮ ನಾಡಿಗೆ ಎಷ್ಟು ಬೇಕಾದದ್ದು ಎಂಬುದು ನಮಗಿನ್ನೂ ಮನವರಿಕೆಯಾಗಿಲ್ಲ ಎಂಬ ಕೊರಗು ನನ್ನದು.

ಓದು ಶುರುವಾಗುವುದು ಒಂದು ಟೇಪಿನಿಂದ. ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ ಅಳೆಯಬೇಕು. ಕೇಳಲು ಸುಲಭ. ಇಳಿಜಾರಿನಲ್ಲಿ ನಿಂತ ಮರಕ್ಕೆ ಮೇಲ್ಬದಿಯಿಂದ ಎತ್ತರ ಹಿಡಿಯಬೇಕು, ಬುಡದಲ್ಲಿ ಹಲಗೆಯಂಥ ಬೇರು ಚಾಚಿದ ಮರವಾದರೆ ಆ ಬೇರು ಮುಗಿದ ಮೇಲೆ ಅಳೆಯಬೇಕು, ಎದೆಮಟ್ಟಕ್ಕಿಂತ ಕೆಳಗೇ ಕವಲೊಡೆದಿದ್ದರೆ ಎರಡೂ ಕವಲುಗಳನ್ನು ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಈ ಶಿಸ್ತಿಗೆ ಕಾರಣವಿದೆ. ಹತ್ತು ವರ್ಷದ ನಂತರ ಬೇರೊಬ್ಬ ಬಂದು ಅದೇ ಮರವನ್ನು ಅಳೆದಾಗ ಬರುವ ವ್ಯತ್ಯಾಸ ಮರದ್ದಾಗಿರಬೇಕು, ಅಳೆದ ಕೈಯದ್ದಾಗಿರಬಾರದು.

ಆಮೇಲೆ ಹಗ್ಗ ಕಟ್ಟಿ ಚೌಕ ಗುರುತಿಸುತ್ತಾರೆ. ದೊಡ್ಡ ಚೌಕದಲ್ಲಿ ಮರಗಳ ಎಣಿಕೆ, ಅದರೊಳಗಿನ ಚಿಕ್ಕ ಚೌಕದಲ್ಲಿ ಎಳೆಗಿಡಗಳದ್ದು, ಇನ್ನೂ ಒಳಗೆ ಒಂದು ಮೀಟರ್ ಉದ್ದಗಲದ ಪುಟ್ಟ ಜಾಗದಲ್ಲಿ ಆಗಷ್ಟೇ ಮೊಳೆತ ಸಸಿಗಳದ್ದು. ವಿದ್ಯಾರ್ಥಿ ಮೊಣಕಾಲೂರಿ ದರಕನ್ನು, ಅಂದರೆ ತರಗೆಲೆಯನ್ನು, ಸರಿಸಿ ಎರಡೇ ಎಲೆಯ ಮೊಳಕೆಯನ್ನು ನೋಡಿ ಇದು ಮತ್ತಿಯೋ ಹೊನ್ನೆಯೋ ಕಿಂದಳವೋ ಎಂದು ಹೇಳಬೇಕು. ದೊಡ್ಡ ಮರವನ್ನು ತೊಗಟೆಯಿಂದ ಗುರುತಿಸುವವರು ಹಳ್ಳಿಹಳ್ಳಿಯಲ್ಲಿ ಇದ್ದಾರೆ. ಮೊಳಕೆಯನ್ನು ಗುರುತಿಸುವವರು ಬಹಳ ಕಡಿಮೆ, ಮತ್ತು ಕಾಡಿನ ಆರೋಗ್ಯದ ಗುಟ್ಟು ಇರುವುದು ಅಲ್ಲಿಯೇ.

ಎಣಿಸಿದ್ದನ್ನೆಲ್ಲ ಗಾತ್ರದ ಪ್ರಕಾರ ಜೋಡಿಸಿದರೆ ಒಂದು ನಕ್ಷೆ ಸಿಗುತ್ತದೆ. ಪುಟ್ಟ ಸಸಿಗಳು ಸಾವಿರಗಟ್ಟಲೆ, ಎಳೆಗಿಡಗಳು ನೂರಾರು, ಕಂಬದ ದಪ್ಪದ ಮರಗಳು ಅದಕ್ಕೂ ಕಡಿಮೆ, ತಬ್ಬಲಾಗದ ಮರಗಳು ಬೆರಳೆಣಿಕೆಯಷ್ಟು. ಎತ್ತರದಿಂದ ಧುಮುಕಿ ನಿಧಾನವಾಗಿ ಚಪ್ಪಟೆಯಾಗುವ ಗೆರೆ ಇದು, ನೆರಳನ್ನು ಸಹಿಸಿ ಬೆಳೆಯುವ ಮರಗಳ ಕಾಡಿನಲ್ಲಿ ಆರೋಗ್ಯದ ಗುರುತು. ಕೆಲವು ಕಡೆ ಈ ಗೆರೆಯ ಮೊದಲ ಭಾಗವೇ ಇರುವುದಿಲ್ಲ. ದೊಡ್ಡ ಮರಗಳು ಠೀವಿಯಿಂದ ನಿಂತಿರುತ್ತವೆ, ಕೆಳಗೆ ಅವುಗಳ ಒಂದು ಸಸಿಯೂ ಕಾಣುವುದಿಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿ ಅಜ್ಜ ಅಜ್ಜಿಯರಷ್ಟೇ ಉಳಿದ ಮಲೆನಾಡಿನ ಊರುಗಳನ್ನು ಕಂಡವರಿಗೆ ಇಂಥ ಕಾಡಿನ ಪರಿಸ್ಥಿತಿ ಅರ್ಥವಾಗುತ್ತದೆ. ಮನೆಗಳು ನಿಂತಿವೆ, ದೀಪವೂ ಉರಿಯುತ್ತಿದೆ, ಶಾಲೆ ಮಾತ್ರ ಮುಚ್ಚಿದೆ.

ಉಪಗ್ರಹಕ್ಕೆ ಇದು ಕಾಣುವುದಿಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1987ರಿಂದ ಪ್ರಕಟಿಸುತ್ತಿರುವ ಅರಣ್ಯ ಸ್ಥಿತಿಗತಿ ವರದಿಯಲ್ಲಿ ಅರಣ್ಯ ಹೊದಿಕೆ ಎಂದರೆ ಕನಿಷ್ಠ ಒಂದು ಹೆಕ್ಟೇರ್ ವಿಸ್ತಾರದ, ಶೇ 10ಕ್ಕಿಂತ ಹೆಚ್ಚು ಜಾಗವನ್ನು ಮರಗಳ ನೆತ್ತಿ ಮುಚ್ಚಿರುವ ಯಾವುದೇ ನೆಲ. ಅದು ಕಾಫಿ ತೋಟವಾಗಿರಬಹುದು, ಅಕೇಶಿಯಾ ನೆಡುತೋಪಾಗಿರಬಹುದು, ಯಾರ ಒಡೆತನದ್ದಾದರೂ ಆಗಿರಬಹುದು. ಈ ವ್ಯಾಖ್ಯೆಗೆ ಅದರದ್ದೇ ಉಪಯೋಗವಿದೆ, ನಾನು ಅದನ್ನು ಹಳಿಯುತ್ತಿಲ್ಲ. ಆದರೆ ವರದಿ ಹೊರಬಿದ್ದ ಮರುದಿನ 'ರಾಜ್ಯದಲ್ಲಿ ಕಾಡು ಹೆಚ್ಚಿದೆ' ಎಂಬ ತಲೆಬರಹ ಓದಿ ನಿಟ್ಟುಸಿರು ಬಿಡುವ ನಾವು, ಹೆಚ್ಚಿದ್ದು ನೆತ್ತಿಯ ಹಸಿರು ಮಾತ್ರ, ಬುಡದ ಸುದ್ದಿ ಅದರಲ್ಲಿ ಇಲ್ಲ ಎಂಬುದನ್ನು ತಿಳಿದಿರಬೇಕು.

ಬುಡದಲ್ಲಿ ಸಸಿ ಇಲ್ಲ ಎಂದಾದಾಗ ಕಾರಣ ಹುಡುಕುವ ಕೆಲಸ ಶುರುವಾಗುತ್ತದೆ. ರಾಮಪತ್ರೆಯ ಜಾತಿಯ ಮರಗಳನ್ನೇ ನೋಡಿ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಡೆ, ವರ್ಷವಿಡೀ ನೀರು ಜಿನುಗುವ ಜಡ್ಡಿಗಳಲ್ಲಿ ಅವು ಮೊಣಕಾಲು ಮಡಿಸಿದಂಥ ಬೇರುಗಳನ್ನು ಕೆಸರಿನಿಂದ ಮೇಲೆತ್ತಿ ಉಸಿರಾಡುತ್ತ ನಿಂತಿರುತ್ತವೆ. ಅವುಗಳ ಬೀಜವನ್ನು ಭತ್ತದಂತೆ ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತಲು ಬರುವುದಿಲ್ಲ. ಒಣಗಿದರೆ ಬೀಜ ಸತ್ತೇಹೋಗುತ್ತದೆ. ಹಸಿ ಇರುವಾಗಲೇ ತೇವದ ನೆಲ ಸಿಗಬೇಕು. ಹಾಗಾಗಿ ಜಡ್ಡಿಯ ನೀರನ್ನು ಒಂದು ಕಾಲುವೆ ತೋಡಿ ಅಡಿಕೆ ತೋಟಕ್ಕೆ ತಿರುಗಿಸಿದರೆ ಸಾಕು, ಕೊಡಲಿ ಬೇಕಾಗುವುದೇ ಇಲ್ಲ. ನಿಂತ ಮರಗಳು ಇನ್ನೂ ಹಲವು ದಶಕ ನಿಂತಿರುತ್ತವೆ, ಹೊಸ ಪೀಳಿಗೆ ಮಾತ್ರ ಹುಟ್ಟುವುದಿಲ್ಲ. ಇದೇ ಕತ್ತಲೆಕಾನಿನ ಜಡ್ಡಿಯಿಂದ 2000ದಲ್ಲಿ ಗೇರಿನ ಬಳಗದ ಹೊಸ ಮರವೊಂದನ್ನು ವಿಜ್ಞಾನಿಗಳು ಗುರುತಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಊರಿನ ಹೆಸರನ್ನೇ ಇಟ್ಟರು. ಅದರ ಬೀಜ ಹೇಗೆ ಮೊಳೆಯುತ್ತದೆ, ಸಸಿಗಳನ್ನು ಬೆಳೆಸಿ ಜಡ್ಡಿಗೆ ಹೇಗೆ ಮರಳಿಸುವುದು ಎಂದು ಹುಡುಕಿದ್ದು ಶಿರಸಿಯ ಅರಣ್ಯ ಕಾಲೇಜು.

ಬೀಜ ಸರಿಯಿದ್ದರೂ ಹೊರುವವರು ಬೇಕು. ರಾಮಪತ್ರೆಯಂಥ ದೊಡ್ಡ ಬೀಜವನ್ನು ನುಂಗಿ ದೂರ ಒಯ್ದು ಉಗುಳುವ ಶಕ್ತಿ ಮಂಗಟ್ಟೆ ಹಕ್ಕಿಯಂಥ ಕೆಲವಕ್ಕೆ ಮಾತ್ರ ಇದೆ. ಮರಗಳೆಲ್ಲ ಇದ್ದು ಪ್ರಾಣಿಪಕ್ಷಿಗಳು ಮಾಯವಾದ ಕಾಡನ್ನು 1992ರಲ್ಲಿ ಕೆಂಟ್ ರೆಡ್‌ಫೋರ್ಡ್ ಎಂಬ ವಿಜ್ಞಾನಿ 'ಖಾಲಿ ಕಾಡು' ಎಂದು ಕರೆದರು. ಅಂಥ ಕಾಡು ಹೊರನೋಟಕ್ಕೆ ತುಂಬಿಕೊಂಡೇ ಇರುತ್ತದೆ. ಇನ್ನು ಉಪ್ಪಾಗೆ ಮರದ್ದು ಬೇರೆ ಕಥೆ. ತೂಕ ಇಳಿಸುವ ಔಷಧಿಗೆ ಅದರ ಹಣ್ಣಿನ ಸಿಪ್ಪೆ ಬೇಕೆಂದು 1990ರ ದಶಕದಲ್ಲಿ ಬೇಡಿಕೆ ಏರಿದಾಗ, ಕಾಡು ಎಲ್ಲರದ್ದು, ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಅವಸರದಲ್ಲಿ ಹಣ್ಣಾಗುವ ಮುಂಚೆಯೇ ಕಾಯಿ ಉದುರಿಸಿದರು, ಕೊಂಬೆಗಳನ್ನೂ ಕಡಿದರು. ಬಲಿಯದ ಕಾಯಿಯ ಬೀಜ ಮೊಳೆಯದು.

ಮೂರೂ ಕಡೆ ಮರದ ಬುಡದಲ್ಲಿ ಸಸಿಯಿಲ್ಲ, ಕಾರಣ ಮಾತ್ರ ಮೂರು ಬಗೆ. ಕಾಲೇಜಿನಲ್ಲಿ ಕಲಿಯಬೇಕಾದದ್ದು ಈ ಬಿಡಿಸಿ ನೋಡುವ ಗುಣ. ಅದಕ್ಕೆ ನಾನು ಕಂಡ ಅತ್ಯುತ್ತಮ ಪಾಠ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ನೆಲ್ಲಿ ಮರಗಳದು, ಹಾಗಾಗಿ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಬೆಟ್ಟದ ಸೋಲಿಗರು ತಲೆಮಾರುಗಳಿಂದ ನೆಲ್ಲಿಕಾಯಿ, ಜೇನು, ಪಾಚಿ ಸಂಗ್ರಹಿಸಿ ಬದುಕಿದವರು. ನೆಲ್ಲಿಯ ಸಸಿಗಳು ಕಡಿಮೆಯಾಗುತ್ತಿವೆ ಎಂದು ಗೊತ್ತಾದಾಗ ಅನುಮಾನ ನೇರವಾಗಿ ಹೋದದ್ದು ಕಾಯಿ ಕೊಯ್ಯುವವರ ಮೇಲೆ. ಕಾಯಿ ಒಯ್ದರೆ ಬೀಜ ಎಲ್ಲಿ, ಬೀಜವಿಲ್ಲದೆ ಸಸಿ ಎಲ್ಲಿ ಎಂಬ ತರ್ಕ ಯಾರಿಗಾದರೂ ಒಪ್ಪಿಗೆಯಾಗುವಂಥದ್ದು. ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದಕ್ಕೆ 2000ದ ದಶಕದ ನಡುವಿನಲ್ಲಿ ತಡೆಯೂ ಬಿತ್ತು. ಆದರೆ ವರ್ಷಗಟ್ಟಲೆ ಗುರುತು ಹಾಕಿದ ಮರಗಳನ್ನು ಹಿಂಬಾಲಿಸಿ, ಒಂದೊಂದು ಕಾರಣದ ಪಾಲನ್ನೂ ಬೇರ್ಪಡಿಸಿ ಲೆಕ್ಕ ಹಾಕಿದ ಸಂಶೋಧಕರಿಗೆ ಕಂಡದ್ದೇ ಬೇರೆ. ಕಾಯಿ ಕೊಯ್ಲಿನ ಪಾಲು ಸಣ್ಣದು. ದೊಡ್ಡ ಪೆಟ್ಟು ಕೊಟ್ಟಿದ್ದು ಎರಡು ಗಿಡಗಳು. ಒಂದು, ಕೊಂಬೆಯಲ್ಲಿ ಬೇರೂರಿ ಮರದ ನೀರು ಹೀರುವ ಬಂದಳಿಕೆ. ಇನ್ನೊಂದು, ನೆಲವನ್ನೆಲ್ಲ ಮುಚ್ಚಿದ ಲಂಟಾನ.

ಲಂಟಾನ ಅಮೆರಿಕ ಖಂಡದ ಉಷ್ಣವಲಯದಿಂದ ಬ್ರಿಟಿಷರ ಕಾಲದಲ್ಲಿ ತೋಟದ ಅಂದಕ್ಕೆಂದು ಬಂದ ಗಿಡ. ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲೂ 2008ರಲ್ಲೂ ಅವೇ ಜಾಗಗಳನ್ನು ನೋಡಿದಾಗ ಅದು ಕಾಣಿಸಿಕೊಂಡ ಜಾಗಗಳು ಸುಮಾರು ಎರಡು ಪಟ್ಟಾಗಿದ್ದವು. ಅದರ ಪೊದೆಯಡಿ ಹುಲ್ಲು ಹುಟ್ಟುವುದಿಲ್ಲ, ನೆಲ್ಲಿಯಂಥ ಬೆಳಕು ಬೇಡುವ ಮರದ ಸಸಿ ಬದುಕುವುದಿಲ್ಲ.

ಈ ಎರಡು ಗಿಡಗಳು ಇಷ್ಟು ಹಬ್ಬಿದ್ದು ಯಾಕೆ? ಸೋಲಿಗರ ಹಿರಿಯರ ಬಳಿ ಇದಕ್ಕೊಂದು ವಿವರಣೆ ಇತ್ತು. ಹಿಂದೆ ಅವರು ಬೇಸಿಗೆ ಬಲಿಯುವ ಮುಂಚೆ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. ನೆಲದ ಮೇಲೇ ಹರಿದು ತಣ್ಣಗಾಗುವ ಆ ಬೆಂಕಿ ಲಂಟಾನದ ಎಳೆಗಿಡಗಳನ್ನು ಸುಡುತ್ತಿತ್ತು, ಅದರ ಬಿಸಿಗೆ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ ಅವರು. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಬೆಂಕಿ ಸಂಪೂರ್ಣ ನಿಷಿದ್ಧವಾಯಿತು. ಸಂಶೋಧಕರು ಈ ಮಾತನ್ನು ಜಾನಪದವೆಂದು ಬದಿಗಿಡಲಿಲ್ಲ, ಪರೀಕ್ಷಿಸಬೇಕಾದ ವಾದವೆಂದು ತೆಗೆದುಕೊಂಡು ಪ್ರಬಂಧ ಬರೆದರು.

ಹಾಗೆಂದು ನಾಳೆಯೇ ಬೆಂಕಿ ಹಚ್ಚಿದರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ. ಲಂಟಾನ ಆಳೆತ್ತರ ಬೆಳೆದು ಒಣಗಿ ನಿಂತಿರುವ ಕಡೆ ಅದೇ ಬೆಂಕಿ ಮರದ ತುದಿಗೆ ಏರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ 4 ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಕೆಲವೇ ದಿನಗಳಲ್ಲಿ ಸುಟ್ಟದ್ದನ್ನು ನಾವು ನೋಡಿದ್ದೇವೆ. ಒಂದು ಕಾಲಕ್ಕೆ ಮದ್ದಾಗಿದ್ದ ಬೆಂಕಿ ಬದಲಾದ ಕಾಡಿನಲ್ಲಿ ವಿಷವಾಗಬಹುದು. ಮೊದಲು ಲಂಟಾನ ಕಿತ್ತು, ಹುಲ್ಲು ಮರಳಿ, ಆಮೇಲೆ ಎಲ್ಲಿ, ಯಾವ ತಿಂಗಳು, ಎಷ್ಟು ತೇವ ಇದ್ದಾಗ ಬೆಂಕಿ ಎಂದು ನಿರ್ಧರಿಸಬೇಕು. ಸೋಲಿಗರ ಅನುಭವ, ಚೌಕದೊಳಗಿನ ಎಣಿಕೆ ಎರಡನ್ನೂ ಒಟ್ಟಿಗೆ ಓದಬಲ್ಲವರಿಗೆ ಮಾತ್ರ ಇದು ಸಾಧ್ಯ. ಇಂಥವರನ್ನು ತಯಾರು ಮಾಡುವುದು ಅರಣ್ಯ ಕಾಲೇಜಿನ ಅತಿ ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ.

ಆರೋಗ್ಯ ಎಂದೊಡನೆ ನೆನಪಾಗುವ ರೋಗ, ಕೀಟಗಳ ಪಾಠವೂ ಇದೆ. ಕಾಡಿನಲ್ಲಿ ಸತ್ತ ಮರ ಕಂಡರೆ ಕಾಯಿಲೆ ಎಂದುಕೊಳ್ಳಬಾರದು ಎಂಬುದು ಅದರ ಮೊದಲ ಮಾತು. ಸತ್ತು ನಿಂತ ಮರದಲ್ಲಿ ಮರಕುಟಿಗನ ಗೂಡು ಇರುತ್ತದೆ, ಬಿದ್ದ ದಿಮ್ಮಿಯಲ್ಲಿ ಅಣಬೆ, ಗೆದ್ದಲು, ಕಪ್ಪೆಗಳ ಸಂಸಾರವಿರುತ್ತದೆ. ಮಧ್ಯ ಭಾರತದ ಸಾಲ್ ಮರದ ಕಾಂಡಕೊರಕ ದುಂಬಿ ಮಾಮೂಲಿ ಕಾಲದಲ್ಲಿ ಮುರಿದ, ಸೊರಗಿದ ಮರಗಳಲ್ಲಷ್ಟೇ ಇರುವ ಕೀಟ. ಸಂಖ್ಯೆ ಮಿತಿಮೀರಿದಾಗ ಗಟ್ಟಿಮರಗಳ ಮೇಲೂ ಬೀಳುತ್ತದೆ. 1990ರ ದಶಕದ ಕೊನೆಗೆ ಮಧ್ಯಪ್ರದೇಶದಲ್ಲಿ ಹಾಗಾಯಿತು, ಹುಳ ಹಿಡಿದ ಮರಗಳೆಂದು ಲಕ್ಷಗಟ್ಟಲೆ ಸಾಲ್ ಮರಗಳನ್ನು ಕಡಿದರು, ಅಷ್ಟು ಕಡಿಯಬೇಕಿತ್ತೇ ಎಂಬ ವಾದವೂ ಎದ್ದಿತು. ಆ ದುಂಬಿಗೆ ಹಳೆಯ ಉಪಾಯವೊಂದಿದೆ. ಮಳೆ ಶುರುವಾಗಿ ದುಂಬಿಗಳು ಹೊರಬರುವ ಹೊತ್ತಿಗೆ ಹಸಿ ಸಾಲ್ ದಿಮ್ಮಿಗಳ ತುದಿಯನ್ನು ಜಜ್ಜಿ ಇಡುತ್ತಾರೆ. ಸೋರುವ ರಸದ ವಾಸನೆಗೆ ದುಂಬಿಗಳು ದೂರದಿಂದ ಬಂದು ಮುತ್ತುತ್ತವೆ, ಹಳ್ಳಿಯವರು ಆರಿಸಿ ಕೊಲ್ಲುತ್ತಾರೆ. ಕೀಟದ ಬದುಕು ತಿಳಿದವರಿಗಷ್ಟೇ ಹೊಳೆಯುವ ಮದ್ದು ಇದು.

ನಮ್ಮ ಶ್ರೀಗಂಧಕ್ಕೆ ಬರುವ ಸ್ಪೈಕ್ ರೋಗ ಅಷ್ಟು ಸುಲಭದ್ದಲ್ಲ. 1899ರಲ್ಲಿ ಕೊಡಗಿನಿಂದ ಮೊದಲ ವರದಿ ಬಂತು. ಎಲೆಗಳು ಕಿರಿದಾಗಿ, ಸೆಟೆದು ಮುಳ್ಳಿನ ಗೊಂಚಲಿನಂತೆ ನಿಲ್ಲುತ್ತವೆ. ಹಣ್ಣು ಕಟ್ಟುವುದು ನಿಲ್ಲುತ್ತದೆ, ಕೆಲವೇ ವರ್ಷಗಳಲ್ಲಿ ಮರ ಸಾಯುತ್ತದೆ. ಕಾರಣ ಫೈಟೋಪ್ಲಾಸ್ಮಾ ಎಂಬ, ಬ್ಯಾಕ್ಟೀರಿಯಾದ ಬಳಗದ ಅತಿಸೂಕ್ಷ್ಮ ಜೀವಿ ಎಂದು ತಿಳಿಯಲು ಸುಮಾರು ಎಪ್ಪತ್ತು ವರ್ಷ ಬೇಕಾಯಿತು. ಎಲೆಯ ರಸ ಹೀರುವ ಜಿಗಿಹುಳಗಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತವೆ. ಕಾಡಿನ ಮರವನ್ನು ಇದರಿಂದ ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ಸರ್ಕಾರ ರೈತರಿಗೆ ಶ್ರೀಗಂಧ ಬೆಳೆಯಲು ಅನುಮತಿ ಕೊಟ್ಟ ಮೇಲೆ ಬಯಲುಸೀಮೆಯಲ್ಲೂ ತೋಟಗಳು ಎದ್ದಿವೆ. ರೋಗವಿರುವ ಪ್ರದೇಶದ ಸಸಿಯನ್ನು ಪರೀಕ್ಷಿಸದೆ ದೂರದ ನರ್ಸರಿಗೆ ಸಾಗಿಸಬಾರದು ಎಂಬ ತಿಳಿವಳಿಕೆ ಆ ರೈತರಿಗೆ ಯಾರು ಕೊಡಬೇಕು? ಈ ಪದವೀಧರರಿಗೆ ಇಲ್ಲಿ ಕೈತುಂಬ ಕೆಲಸವಿದೆ.

ಕಾಡಿನ ಆರೋಗ್ಯ ಮನುಷ್ಯನ ಆರೋಗ್ಯಕ್ಕೆ ತಾಕುವ ಜಾಗವೂ ನಮ್ಮ ನಾಡಿನಲ್ಲೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜೊತೆಜೊತೆಗೆ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಾಣುವನ್ನು ಗುರುತಿಸಿದರು, ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಸೊರಬ ಸೀಮೆಯ ಆ ಊರಿನ ಹೆಸರು ಸೇರಿತು. ನಾವು ಮಂಗನ ಕಾಯಿಲೆ ಎನ್ನುವ ಅದನ್ನು ಹರಡುವುದು ಉಣುಗು. ಸಣ್ಣ ಮರಿ ಉಣುಗುಗಳು ಮಳೆಗಾಲ ಮುಗಿದ ಮೇಲೆ ದರಕಿನಲ್ಲಿ ಹೆಚ್ಚುತ್ತವೆ, ಸೌದೆಗೋ ಸೊಪ್ಪಿಗೋ ದರಕಿಗೋ ಹೋದವರನ್ನು ಬೇಸಿಗೆಯವರೆಗೂ ಕಚ್ಚುತ್ತವೆ. 2018-19ರ ಋತುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಅನುಭವಿಸಿದ ಸಾವುನೋವು ಇನ್ನೂ ಮಲೆನಾಡಿನ ನೆನಪಿನಲ್ಲಿದೆ. ಇತ್ತೀಚಿನ ಅಧ್ಯಯನಗಳು ಅಪಾಯ ಹೆಚ್ಚಿರುವುದು ನಿತ್ಯಹರಿದ್ವರ್ಣ ಕಾಡು, ತೋಟ, ದನ ಮೇಯುವ ಜಾಗ ಒಂದರೊಳಗೊಂದು ಹೆಣೆದುಕೊಂಡ ಕಡೆ ಎಂದು ತೋರಿಸಿವೆ. ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಅಂಚಿನ ಕಾಡು, ಅಂದರೆ ಸೊಪ್ಪಿನ ಬೆಟ್ಟ, ಅಂಥದ್ದೇ ಜಾಗ. ಸತ್ತ ಮಂಗದ ಸುದ್ದಿ ಆರೋಗ್ಯ ಇಲಾಖೆಗೆ ಮುಟ್ಟುವ ಮೊದಲು ಅದನ್ನು ಕಾಣುವವರು ಗ್ರಾಮಸ್ಥರು ಮತ್ತು ಅರಣ್ಯ ಸಿಬ್ಬಂದಿ. ವೈದ್ಯರು, ಪಶುವೈದ್ಯರು, ಅರಣ್ಯದವರು ಒಂದೇ ಮೇಜಿನಲ್ಲಿ ಕೂರದ ಹೊರತು ಈ ಕಾಯಿಲೆಯನ್ನು ಹಿಡಿಯಲಾಗದು, ಮತ್ತು ಆ ಮೇಜಿನಲ್ಲಿ ಉಣುಗು, ಮಂಗ, ಮರ ಮೂರರ ಸಂಬಂಧವನ್ನು ವಿವರಿಸಬಲ್ಲ ಒಬ್ಬ ಅರಣ್ಯ ಪದವೀಧರ ಇರಲೇಬೇಕು.

ಈ ವಿದ್ಯೆಗೆ ಇರುವ ದೊಡ್ಡ ತೊಡಕು ಕಾಲ. ಪದವಿಗೆ ನಾಲ್ಕು ವರ್ಷ, ಸ್ನಾತಕೋತ್ತರಕ್ಕೆ ಇನ್ನೆರಡು. ಮರಕ್ಕೆ ಅದು ಏನೂ ಅಲ್ಲ. ಬಂಡೀಪುರದ ಪಕ್ಕದ ಮುದುಮಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಕಾಡಿನಲ್ಲಿ ಒಂದು ಸೆಂಟಿಮೀಟರ್ ದಪ್ಪಕ್ಕಿಂತ ಮೇಲಿನ ಪ್ರತಿ ಗಿಡಕ್ಕೂ ಸಂಖ್ಯೆಯ ಬಿಲ್ಲೆ ಹಾಕಿದರು. 25 ಸಾವಿರಕ್ಕೂ ಹೆಚ್ಚು ಕಾಂಡಗಳು. ಯಾವುದು ಬೆಂಕಿಗೆ ಸತ್ತಿತು, ಯಾವುದನ್ನು ಆನೆ ಮುರಿಯಿತು, ಯಾವುದು ಹೊಸದಾಗಿ ಸೇರಿತು ಎಂದು ಅಂದಿನಿಂದ ಬರೆದಿಡುತ್ತಿದ್ದಾರೆ. ಮೊದಲ ವರ್ಷಗಳ ಬೆಂಕಿಗೆ ಸಣ್ಣ ಗಿಡಗಳು ಅಪಾರ ಸಂಖ್ಯೆಯಲ್ಲಿ ಸತ್ತಾಗ, ಐದೇ ವರ್ಷ ನೋಡಿ ಎದ್ದುಹೋದವರು ಈ ಕಾಡು ಮುಗಿಯಿತು ಎಂದು ಬರೆದುಬಿಡುತ್ತಿದ್ದರು. ಕೊಡಗಿನ ಉಪ್ಪಂಗಲದ ನಿತ್ಯಹರಿದ್ವರ್ಣ ಕಾಡಿನಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆ ಇಂಥದ್ದೇ ಕೆಲಸವನ್ನು ದಶಕಗಳಿಂದ ನಡೆಸಿಕೊಂಡು ಬಂದಿದೆ.

ಕಲಿತವರಿಗೆ ನಾವು ಕೊಟ್ಟಿರುವ ಜಾಗ ಎಲ್ಲಿ ಎಂದು ಕೇಳಿದರೆ ನನಗೆ ನೋವಾಗುತ್ತದೆ. ವಲಯ ಅರಣ್ಯಾಧಿಕಾರಿ ಹುದ್ದೆಗಳಲ್ಲಿ ತಮ್ಮ ಪಾಲು ಎಷ್ಟು ಎಂಬುದಕ್ಕಾಗಿ ಶಿರಸಿ, ಪೊನ್ನಂಪೇಟೆಯ ವಿದ್ಯಾರ್ಥಿಗಳು ತರಗತಿ ಬಿಟ್ಟು ರಸ್ತೆಯಲ್ಲಿ ಕೂರಬೇಕಾಗಿ ಬಂದಿದೆ. ಬೇರೆ ವಿಷಯ ಓದಿದವರು ಒಳ್ಳೆಯ ಅಧಿಕಾರಿಗಳಾಗುವುದಿಲ್ಲ ಎಂದು ನಾನು ಹೇಳಲಾರೆ, ಕಾಡನ್ನು ಪ್ರೀತಿಸಿ ಕಲಿತ ಎಷ್ಟೋ ಅಧಿಕಾರಿಗಳು ನಮ್ಮಲ್ಲಿ ಆಗಿಹೋಗಿದ್ದಾರೆ. ಆದರೆ ಮೊಳಕೆ ನೋಡಿ ಮರದ ಹೆಸರು ಹೇಳಬಲ್ಲವರನ್ನು ಸರ್ಕಾರಿ ಖರ್ಚಿನಲ್ಲೇ ತಯಾರು ಮಾಡಿ, ಆಮೇಲೆ ಅವರನ್ನು ಬ್ಯಾಂಕಿನ ಪರೀಕ್ಷೆಗೆ ಕಳಿಸುವುದು ಯಾವ ನ್ಯಾಯ?

ಹುದ್ದೆಯ ಪ್ರಶ್ನೆ ಇತ್ಯರ್ಥವಾಗಲು ಎಷ್ಟು ಕಾಲ ಬೇಕೋ, ಅದಕ್ಕೆ ಕಾಯದೆ ಮಾಡಬಹುದಾದ ಒಂದು ಕೆಲಸವನ್ನು ಇಲ್ಲಿ ಮುಂದಿಡುತ್ತೇನೆ. ಅರಣ್ಯ ಇಲಾಖೆ ಎರಡೂ ಕಾಲೇಜುಗಳಿಗೆ ಹತ್ತಿರದ ಕಾಡಿನಲ್ಲಿ ಕೆಲವು ಹೆಕ್ಟೇರ್ ಶಾಶ್ವತ ಅಧ್ಯಯನ ಜಾಗವನ್ನು ಗುರುತಿಸಿ, ಮೂವತ್ತು ವರ್ಷ ಕದಲಿಸುವುದಿಲ್ಲವೆಂದು ಬರೆದುಕೊಡಲಿ. ಶಿರಸಿಯದು ಒಂದು ಜಡ್ಡಿ, ಒಂದು ಸೊಪ್ಪಿನ ಬೆಟ್ಟ, ಒಂದು ಅಕೇಶಿಯಾ ನೆಡುತೋಪನ್ನು ಒಳಗೊಳ್ಳಲಿ. ಪೊನ್ನಂಪೇಟೆಯದು ಒಂದು ದೇವರಕಾಡನ್ನೂ ನಾಗರಹೊಳೆಯ ಅಂಚಿನ ಲಂಟಾನ ತುಂಬಿದ ಒಂದು ತುಂಡನ್ನೂ ಸೇರಿಸಿಕೊಳ್ಳಲಿ. ಪ್ರತಿ ಜನವರಿಯಲ್ಲಿ ಅಂತಿಮ ವರ್ಷದವರು ಮೊದಲ ವರ್ಷದವರನ್ನು ಕರೆದೊಯ್ದು ಒಟ್ಟಿಗೆ ಎಣಿಸಿ, ದಾಖಲೆ ಪುಸ್ತಕವನ್ನು ಅವರ ಕೈಗೆ ಒಪ್ಪಿಸಲಿ. ಎಣಿಕೆಗೆ ಆ ಭಾಗದ ಅರಣ್ಯ ರಕ್ಷಕರೂ ಊರಿನ ಇಬ್ಬರು ಹಿರಿಯರೂ ಬರಲಿ, ಅವರಿಗೆ ದಿನಗೂಲಿ ಸಿಗಲಿ, ಅವರು ಹೇಳುವ ಮರದ ಹೆಸರು ಸಸ್ಯಶಾಸ್ತ್ರದ ಹೆಸರಿನ ಪಕ್ಕದಲ್ಲೇ ದಾಖಲಾಗಲಿ. ಆ ಪುಸ್ತಕದ ಒಂದು ಪ್ರತಿ ವಲಯ ಅರಣ್ಯ ಕಚೇರಿಯಲ್ಲಿ, ಇನ್ನೊಂದು ಗ್ರಾಮ ಪಂಚಾಯಿತಿಯಲ್ಲಿ, ಕೇಳಿದವರಿಗೆಲ್ಲ ನೋಡಲು ಸಿಗುವಂತೆ ಇರಲಿ.